ನಕ್ಪೊ ಕೆರೆಯ ಕಲಸು ಪದರ

ಏರಿ ಬಂದ ಮೇಲಿನ ನೂರ ಹನ್ನೊಂದನೆಯ ವರ್ಷ, ಹಿಮ ಬಿಟ್ಟ ಮೂರನೆಯ ತಿಂಗಳು. ಹಳೆಯ ಎಣಿಕೆಯಲ್ಲಿ ಎರಡು ಸಾವಿರದ ಮುನ್ನೂರ ತೊಂಬತ್ತೊಂದು. ನಿಮ್ಮ ಎಣಿಕೆಯಲ್ಲಿ ಎಷ್ಟೋ, ನಾನು ಊಹಿಸಲಾರೆ.

ಮುಂದಿನ ನಡುಬೇಸಿಗೆಯಲ್ಲಿ ಈ ಕೆರೆಯ ಹೂಳನ್ನು ತೆಗೆದು ನೋಡುವವರಿಗೆ ಮೇಲ್ಮಸ್ಕಿಯ ಹುಲಿಗೆಮ್ಮ ಮಾಡುವ ನಮಸ್ಕಾರ.

ನಾನು ಬರೆಯುತ್ತಿರುವ ಮಾತಿಗೆ ಕನ್ನಡ ಎಂದು ಹೆಸರು. ನಿಮ್ಮ ಕಾಲಕ್ಕೆ ಇದನ್ನು ಆಡುವವರು ಒಬ್ಬರೂ ಉಳಿದಿರಲಿಕ್ಕಿಲ್ಲ. ಈ ಗೆರೆಗಳೂ ಸುರುಳಿಗಳೂ ನಿಮಗೆ ಹುಳು ಹರಿದ ಗುರುತಿನ ಹಾಗೆ ಕಂಡರೆ ಕ್ಷಮಿಸಿ. ಕಾಗದ ಉಳಿಯುವುದಿಲ್ಲವೆಂದು ಹಸಿ ಮಣ್ಣಿನ ಹಲಗೆಗಳ ಮೇಲೆ ಕಡ್ಡಿಯಿಂದ ಕೊರೆಯುತ್ತಿದ್ದೇನೆ. ಇವನ್ನು ಸುಟ್ಟು, ಮೇಣ ಮೆತ್ತಿ, ಕೆರೆಯ ನಡುವೆ ಮುಳುಗಿಸುತ್ತೇವೆ. ಯಾವ ಪದರದ ಬಗ್ಗೆ ಬರೆಯುತ್ತಿದ್ದೇನೋ ಅದೇ ಪದರದ ಮೇಲೆ ಇವು ಕೂರಬೇಕು. ಗುಡ್ಡ ಬಿದ್ದು ಇನ್ನೂ ತಿಂಗಳಾಗಿಲ್ಲ. ಬಾಗಿಲು ಬಡಿದ ಸದ್ದಿಗೂ ನಮ್ಮ ಊರಿನವರು ಈಗ ಎದ್ದು ಹೊರಗೆ ಓಡುತ್ತಾರೆ. 

ಕೆಲವು ಪದಗಳನ್ನು ಮೊದಲೇ ಬಿಡಿಸಿ ಹೇಳಬೇಕು. ನಡುಬೇಸಿಗೆ ಎಂದರೆ ಎರಡು ಹಿಮಯುಗಗಳ ನಡುವೆ ಬರುವ ಬೆಚ್ಚನೆಯ ಕಾಲ. ಭೂಮಿ ಸಾವಿರ ಸಾವಿರ ವರ್ಷ ಮಂಜುಗಡ್ಡೆ ಹೊದ್ದು ಮಲಗಿ, ನಡುವೆ ಸ್ವಲ್ಪ ಕಾಲ ಹೊದಿಕೆ ಸರಿಸಿ ಏಳುತ್ತದೆ. ಹೀಗೆ ಎಷ್ಟೋ ಸಲ ಆಗಿದೆ. ನಾವಿರುವುದು ಅಂಥ ಒಂದರಲ್ಲಿ, ಆದರೆ ನಮ್ಮದು ಹಿರಿಯರು ಎಬ್ಬಿಸಿದ ಹೊಗೆಯಿಂದ ವಿಪರೀತ ಕಾದ ನಡುಬೇಸಿಗೆ. ಇದರ ಹಿಂದಿನದು ಲಕ್ಷ ವರ್ಷಕ್ಕೂ ಹಿಂದೆ ಮುಗಿದುಹೋಯಿತು. ಆಗ ಈ ಕಣಿವೆಯಲ್ಲಿ ಊರುಗಳಿರಲಿಲ್ಲ. ಗಿಡಮರಗಳಿದ್ದವು. ಅವುಗಳ ಎಲೆ, ಬೀಜ, ಹೂವಿನ ಪರಾಗ ಕೆರೆಗೆ ಬಿದ್ದು ತಳದ ಹೂಳಿನಲ್ಲಿ ವರ್ಷಕ್ಕೊಂದು ಗೆರೆಯಾಗಿ ಕೂತಿವೆ. ಆ ಹೂಳನ್ನು ಉದ್ದನೆಯ ಕೊಳವೆಯಿಂದ ಕಂಬದ ಹಾಗೆ ಮೇಲೆತ್ತಿ, ಸೀಳಿ, ಯಾವ ಗೆರೆಯಲ್ಲಿ ಯಾವ ಗಿಡ ಇದೆ ಎಂದು ನೋಡಿ, ಆಗಿನ ಚಳಿ ಮಳೆ ಬಿಸಿಲು ಹೇಗಿದ್ದವೆಂದು ಹೇಳುವುದು ನನ್ನ ಕಸುಬು. ಹೂಳನ್ನು ಓದುವುದರಿಂದ ಇದಕ್ಕೆ ‘ಹೂಳೋದು’ ಎನ್ನುತ್ತೇವೆ. ನಮ್ಮ ಮಾತಿನಲ್ಲಿ ಹೆಣ ಹುಗಿಯುವುದಕ್ಕೂ ಅದೇ ಪದ. ಮೊದಲೆಲ್ಲ ಅದನ್ನು ಹೇಳಿಕೊಂಡು ನಗುತ್ತಿದ್ದೆವು.

ನಾವು ಮೂಲತಃ ಇಲ್ಲಿಯವರಲ್ಲ. ನಮ್ಮ ಹಿರಿಯರದು ದಕ್ಷಿಣದಲ್ಲಿ ಕೃಷ್ಣೆ, ತುಂಗಭದ್ರೆ ಎಂಬ ಎರಡು ಹೊಳೆಗಳ ನಡುವಿನ ನೆಲ, ಮಸ್ಕಿ ಎಂಬ ಊರು. ಅಲ್ಲಿ ಈಗ ವರ್ಷದ ಅರ್ಧ ಉರಿಗಾಲ. ಉರಿಗಾಲದಲ್ಲಿ ಹಗಲು ಯಾರೂ ನೆಲದ ಮೇಲೆ ಓಡಾಡುವುದಿಲ್ಲ. ತಂಪುಗವಿ ಎಂದು ನೆಲದಡಿ ಕೊರೆದ ಸಾಲುಕೋಣೆಗಳಲ್ಲಿ ಬೆನ್ನಿಗೆ ಒದ್ದೆ ಬಟ್ಟೆ ಹಾಕಿಕೊಂಡು ಕೂರುತ್ತಾರೆ, ಸೂರ್ಯ ಮುಳುಗಿದ ಮೇಲೆ ಹೊಲಕ್ಕೆ ಹೋಗುತ್ತಾರೆ. ಅಲ್ಲಿಂದ ನಮ್ಮ ಅಜ್ಜಿಯ ತಾಯಿಯ ಪೀಳಿಗೆಯವರು ಈ ಹಿಮದ ಬೆಟ್ಟಗಳಿಗೆ ಏರಿ ಬಂದು ಮೇಲ್ಮಸ್ಕಿ ಕಟ್ಟಿದರು. ಬರಮಾಡಿಕೊಂಡವರು ಇಲ್ಲಿಯ ಕಣಿವೆಯ ಜನ. ಅವರ ಮಾತಿನಲ್ಲಿ ನಕ್ಪೊ ಎಂದರೆ ಕಪ್ಪು. ಕೆರೆಯ ಹೆಸರು ಅವರು ಇಟ್ಟದ್ದು. ನೂರು ವರ್ಷದಲ್ಲಿ ಎರಡೂ ಮಂದಿ ಬೆರೆತುಹೋಗಿದ್ದೇವೆ. ಬೆಳಗಿನ ಉಪ್ಪು ಬೆಣ್ಣೆಯ ಚಹಾ ಅವರದು, ಅದರ ಜೊತೆಗೆ ಬಡಿಯುವ ಜೋಳದ ರೊಟ್ಟಿ ನಮ್ಮದು. ಹೌದು, ಈ ಎತ್ತರದಲ್ಲಿ ಜೋಳ ಬೆಳೆಯುತ್ತದೆ. ನಮ್ಮಜ್ಜಿ ಚಿಕ್ಕವಳಿದ್ದಾಗ ಬೆಳೆಯುತ್ತಿರಲಿಲ್ಲವಂತೆ. ಶೇಂಗಾ ಮಾತ್ರ ಇನ್ನೂ ಒಲ್ಲೆನ್ನುತ್ತದೆ, ಹಾಗಾಗಿ ಜರ್ದಾಳು ಹಣ್ಣಿನ ಬೀಜ ಹುರಿದು ಚಟ್ನಿ ಕುಟ್ಟುತ್ತೇವೆ. ಅವರು ಮರ್ಯಾದೆಗೆ ಹೆಸರಿನ ಕೊನೆಗೆ ‘ಲೇ’ ಸೇರಿಸುತ್ತಾರೆ. ಕೆಳಗಿನಿಂದ ಹೊಸದಾಗಿ ಬಂದ ನಮ್ಮವರಿಗೆ ಅದು ಬೈದ ಹಾಗೆ ಕೇಳಿ, ಮೊದಲ ವಾರ ಒಂದಾದರೂ ಜಗಳ ಆಗಿಯೇ ಆಗುತ್ತದೆ.

ಹೀಗೆ ಹೊಸಬರನ್ನು ಕರೆತರುತ್ತಿದ್ದವಳು ನನ್ನ ಅಕ್ಕ ನಿಂಗಮ್ಮ. ಅವಳು ನೆಲೆಸಭೆಯ ಹಿರಿಯಳು. ಯಾರು ಎಲ್ಲಿ ನೆಲೆಸಬೇಕು, ಯಾವ ನೀರು ಯಾವ ಕೇರಿಗೆ ಎಂದು ತೀರ್ಮಾನಿಸುವ ಕೂಟಕ್ಕೆ ನಾವು ನೆಲೆಸಭೆ ಎನ್ನುತ್ತೇವೆ. ಎತ್ತರದ ಆಳು, ಒರಟು ದನಿ; ಕೂತು ಉಂಡದ್ದನ್ನು ನಾನು ನೋಡಿಯೇ ಇಲ್ಲ, ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಯಾರದೋ ತಕರಾರು ಕೇಳುತ್ತಿರುತ್ತಿದ್ದಳು. ಪ್ರತಿ ಚಳಿಗಾಲ ಕೆಳಗಿಳಿದು ಹೋಗಿ, ತಂಪುಗವಿಗಳಲ್ಲಿ ವರ್ಷಗಟ್ಟಲೆ ಸರದಿ ಕಾಯುತ್ತಿದ್ದವರಲ್ಲಿ ಕೆಲವರನ್ನು ನಡೆಸಿಕೊಂಡು ಬರುತ್ತಿದ್ದಳು. ಹೋದ ವರ್ಷ ಎಪ್ಪತ್ತು ಕುಟುಂಬ ಬಂದವು. ಅಷ್ಟು ಮಂದಿಗೆ ಸಾಕಾಗುವ ಸಮತಟ್ಟು ನೆಲ ಈ ಕಣಿವೆಯಲ್ಲಿ ಒಂದೇ ಇತ್ತು, ನಕ್ಪೊ ದಂಡೆಯ ಕೆರೆಬಯಲು. ಹಿಮ ಬೀಳುವ ಮೊದಲೇ ಅಲ್ಲಿ ಎಪ್ಪತ್ತು ಮನೆ ಎದ್ದವು. ಬಯಲಿಗೆ ಎದುರಾಗಿ, ಕೆರೆಯ ಆಚೆ ದಡದಲ್ಲಿ, ಕಡಿದಾದ ಬೂದುಗುಡ್ಡ.

ಮನೆಗಳಿಗೆ ಸೂರು ಹೊದಿಸುತ್ತಿದ್ದ ಹೊತ್ತಿಗೆ ಅಕ್ಕ ನನ್ನ ಕೆಲಸದ ಕೋಣೆಗೆ ಬಂದಳು.

“ತಂಗಿ, ಹಿಂದಿನ ನಡುಬೇಸಿಗ್ಯಾಗ ಇಲ್ಲಿ ಯಾವ್ಯಾವ ಗಿಡ ಇದ್ದವು ನೋಡಿ ಹೇಳು. ಬಯಲಿಗಿ ಅವನ್ನೇ ಹಚ್ಚೋಣು. ಈ ಬಿಸಿಲು ತಾಳೋ ಗಿಡ ಯಾವು ಅಂತ ನಮಗ ಮತ್ತ್ಯಾರು ಹೇಳಬೇಕು?”

ಕೇಳಿದ್ದು ಅಷ್ಟೇ. ಯಾವ ಗಿಡ ನೆಡಬೇಕು.

ಚಳಿಗಾಲದಲ್ಲಿ ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟಿದಾಗ ನಾನು ಮತ್ತು ಚುಸ್ಕಿತ್ ಅದರ ಮೇಲೆ ಗುಡಾರ ಹಾಕಿ ಕೊಳವೆ ಇಳಿಸಿದೆವು. ಚುಸ್ಕಿತ್ ಕಣಿವೆಯ ಜನದವಳು, ನನಗಿಂತ ಹಿರಿಯಳು. ನಾವಿಬ್ಬರೂ ಒಟ್ಟಿಗೇ ಈ ವಿದ್ಯೆ ಕಲಿತು ಒಟ್ಟಿಗೇ ಕಣ್ಣು ಮಂಜಾಗಿಸಿಕೊಂಡವರು. ಹಿಮನದಿಗಳು ಅದೆಷ್ಟೋ ಕೆರೆಗಳ ತಳವನ್ನು ಉಜ್ಜಿ ಹಾಕಿವೆ. ನಕ್ಪೊ ಮಾತ್ರ ಹೇಗೋ ಉಳಿದುಕೊಂಡಿದೆ. ಮೇಲಿನ ಹೂಳು, ಅದರ ಕೆಳಗೆ ಹಿಮಯುಗದ ಬೂದು ಜೇಡಿ, ಒಂದು ಎಲೆಯ ಚೂರೂ ಇಲ್ಲದ ಸತ್ತ ಮಣ್ಣು. ಅದು ಮುಗಿಯುವುದೇ ಇಲ್ಲವೇನೋ ಅನ್ನಿಸುವಾಗ ಕೊಳವೆಯಲ್ಲಿ ಕಂದು ಬಣ್ಣ ಬಂತು. ಹಿಂದಿನ ನಡುಬೇಸಿಗೆ.

ಆ ಕಂಬವನ್ನು ಚುಸ್ಕಿತ್ ತೆಳುವಾದ ಅಲಗಿನಿಂದ ಸೀಳಿದಳು. ಹೂಳು ಪುಸ್ತಕದ ಹಾಗೆ ಎರಡಾಗಿ ತೆರೆದುಕೊಂಡಿತು. ನಡುವೆ ಒಂದು ಎಲೆ ಇತ್ತು, ಓಕ್ ಮರದ್ದು. ಅದು ಹಸಿರಾಗಿತ್ತು. ಈಗತಾನೇ ಕಿತ್ತುಕೊಂಡು ಬಂದ ಹಾಗೆ, ನರನರವೂ ತೇವದಿಂದ ಹೊಳೆಯುತ್ತ.  ಲಕ್ಷ ವರ್ಷಕ್ಕೂ ಹಿಂದಿನ ಒಂದು ಬೇಸಿಗೆಯಲ್ಲಿ ಉದುರಿದ ಎಲೆ, ಗಾಳಿ ತಾಗದೆ ಕತ್ತಲಲ್ಲಿ ಮಲಗಿದ್ದದ್ದು, ನಮ್ಮ ಮುಂದೆ ಕಣ್ಣು ಬಿಟ್ಟಿತು. ಅಷ್ಟರಲ್ಲಿ ಅಂಚು ಕಂದಾಯಿತು. ಕಂದು ಒಳಕ್ಕೆ ಹರಿಯಿತು. ನಾವು ನೋಡನೋಡುತ್ತಿದ್ದಂತೆ ಇಡೀ ಎಲೆ ಸುಟ್ಟ ಕಾಗದದಂತೆ ಕಪ್ಪಾಯಿತು. ಗಾಳಿ ಅದನ್ನು ಕೊಂದಿತ್ತು. ಚುಸ್ಕಿತ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು, ನಾನೂ ಅತ್ತೆ. ಇಷ್ಟು ವರ್ಷ ನಾವು ನೋಡಿದ್ದೆಲ್ಲ ಕಪ್ಪು ಎಲೆಗಳನ್ನೇ.

ಮುಂದಿನ ಕೆಲವು ವಾರ ಹಬ್ಬದ ಹಾಗಿದ್ದವು. ಓಕ್, ಕಾಗದದಂತೆ ತೊಗಟೆ ಸುಲಿಯುವ ಭೂರ್ಜ, ಕಾಡು ಅಕ್ರೋಟ. ಕೊಂಬಿರುವ ಶಿಂಗಾಡಿ ಕಾಯಿಗಳು ಹಿಡಿಹಿಡಿಯಾಗಿ ಸಿಕ್ಕವು. ಶಿಂಗಾಡಿ ಬೆಚ್ಚನೆಯ ನೀರಿನಲ್ಲಿ ತೇಲುವ ಬಳ್ಳಿ, ಬೇಸಿಗೆ ಉದ್ದವಾಗಿದ್ದರೆ ಮಾತ್ರ ಅದರ ಕಾಯಿ ಬಲಿಯುತ್ತದೆ. ಅಂದರೆ ಆಗಲೂ ನಕ್ಪೊ ಈಗಿನಷ್ಟೇ ಬೆಚ್ಚಗಿತ್ತು. ಅಕ್ಕನಿಗೆ ಸುದ್ದಿ ಕಳಿಸಿದೆವು: ಓಕ್ ಬೀಜ ತರಿಸು, ಅಕ್ರೋಟ ತರಿಸು.

ಆಮೇಲೆ ಕಂಬದಲ್ಲಿ ಗೆರೆಗಳು ನಿಂತುಹೋದವು.

ವರ್ಷ ವರ್ಷದ ಗೆರೆಗಳು ಅಚ್ಚುಕಟ್ಟಾಗಿ ಸಾಗುತ್ತಿದ್ದ ಕಡೆ ಒಮ್ಮೆಲೇ ಗೆರೆಯೇ ಇಲ್ಲದ ದಪ್ಪ ಮಣ್ಣು. ಅದರಲ್ಲಿ ಎಲ್ಲವೂ ಕಲಸಿಹೋಗಿತ್ತು. ಗುಡ್ಡದ ನೆತ್ತಿಯಲ್ಲಿ ಮಾತ್ರ ಬೆಳೆಯುವ ಪಾಚಿ ಮತ್ತು ಕುಳ್ಳ ಗಿಡಗಳು, ನಡುಮಟ್ಟದ ಓಕ್ ರೆಂಬೆಗಳು, ಕೆರೆಯ ತಳದ ಶಿಂಗಾಡಿ, ಎಲ್ಲ ಒಂದೇ ಮುದ್ದೆಯಲ್ಲಿ, ಬೇರು ಮೇಲಾಗಿ ಚಿಗುರು ಕೆಳಗಾಗಿ. ವರ್ಷಗಟ್ಟಲೆ ನಿಧಾನವಾಗಿ ಕೂತದ್ದಲ್ಲ ಅದು. ಒಂದು ಹೊತ್ತಿನಲ್ಲಿ ಆದದ್ದು. ಬೂದುಗುಡ್ಡದ ಮುಖ ನೆತ್ತಿಯಿಂದ ಬುಡದವರೆಗೆ ಕೆರೆಗೆ ಬಿದ್ದಿತ್ತು. ನಾವು ಅದನ್ನು ಕಲಸು ಪದರ ಎಂದು ಕರೆದೆವು. ಮೇಲಕ್ಕೆ ಬಂದ ಹಾಗೆ ಅಂಥ ಇನ್ನೊಂದು ಸಿಕ್ಕಿತು, ಅದರ ಮೇಲೆ ಮತ್ತೊಂದು. ಮೂರರಲ್ಲೂ ಭೂರ್ಜದ ಎಲೆ ಅರ್ಧ ಬಿಚ್ಚಿತ್ತು, ಹೂಗೊಂಚಲಿನಲ್ಲಿ ಪರಾಗ ಇನ್ನೂ ಉದುರಿರಲಿಲ್ಲ. ಬೇಸಿಗೆಯ ಬಾಗಿಲು. ಬಂಡೆಗಳ ಸೀಳಿನಲ್ಲಿ ಅಂಟಿನ ಹಾಗೆ ಹಿಡಿದುಕೊಂಡಿರುವ ಹಳೆಯ ಮಂಜುಗಡ್ಡೆ ಕರಗಿ ಸಡಿಲಾಗುವುದು ಆಗಲೇ.

ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚುಸ್ಕಿತ್ ಕಂಬದ ತೀರ ಮೇಲಿನ ತುದಿಯನ್ನು, ಅಂದರೆ ನಮ್ಮದೇ ಕಾಲದ ಹೂಳನ್ನು, ಹಿಗ್ಗಿಸಿ ತೋರಿಸುವ ಕನ್ನಡಿಯ ಕೆಳಗಿಟ್ಟಳು. ಹಳೆಯ ಕಲಸು ಪದರಗಳ ಕೆಳಗಿನ ಕೆಲವು ಗೆರೆಗಳಲ್ಲಿ ನೆತ್ತಿಯ ಪಾಚಿಯ ಚೂರುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಗಿದ್ದವು. ದೊಡ್ಡದು ಬೀಳುವ ಮೊದಲು ಸಣ್ಣಸಣ್ಣದು ಉದುರಿದ ಗುರುತು ಅದು. ನಮ್ಮ ಕಾಲದ ಗೆರೆಗಳಲ್ಲೂ ಪಾಚಿಯ ಚೂರು ಹೆಚ್ಚುತ್ತಿತ್ತು.

ಅದೇ ವಾರ ಬಯಲಿನಿಂದ ಅಯ್ಯಾಳಪ್ಪ ಬಂದ. ಅವನು ಹೊಸದಾಗಿ ಬಂದವರಲ್ಲಿ ಒಬ್ಬ, ಮುದುಕ, ತಮಾಷೆಯ ಮನುಷ್ಯ; ತನ್ನ ಮನೆಯ ಹಿಂದೆ ಬಾವಿ ತೋಡುತ್ತಿದ್ದ. ಧೋತರದ ಚುಂಗಿನಿಂದ ಏನೋ ತೆಗೆದು ಮೇಜಿನ ಮೇಲೆ ಸುರುವಿದ.

“ಯವ್ವಾ, ಬಾವ್ಯಾಗ ಸಿಕ್ಕಾವ. ಕರ್ರಗ, ಕೋಡು ಬ್ಯಾರೆ ಅದಾವ. ಕುದಿಸಿದ್ರ ತಿನ್ಲಿಕ್ಕ ಬರ್ತಾವೇನು ನೋಡು.”

ಶಿಂಗಾಡಿ ಕಾಯಿಗಳು. ಕೆರೆಯ ತಳದವು, ಲಕ್ಷ ವರ್ಷದವು, ಒಣನೆಲದ ಬಾವಿಯಲ್ಲಿ.  ಗುಡ್ಡ ಬಿದ್ದಾಗ ಕೆರೆ ಅಲೆಯಾಗಿ ಎದ್ದು ತನ್ನ ತಳವನ್ನೇ ಎತ್ತಿ ಈಚೆ ದಡಕ್ಕೆ ಎಸೆದಿತ್ತು. ಸಮತಟ್ಟಾದ ಬಯಲು ನಮಗೆ ಸಿಕ್ಕಿದ್ದೇ ಹಾಗೆ. ನಮ್ಮ ಎಪ್ಪತ್ತು ಮನೆಗಳು ಆ ಅಲೆಯ ಮೇಲೆ ನಿಂತಿದ್ದವು.

ಬಯಲು ಖಾಲಿ ಮಾಡಿಸು ಎಂದರೆ ಅಕ್ಕ ಸುಲಭಕ್ಕೆ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಕೆಲವರು ಹನ್ನೆರಡು ವರ್ಷ ಗವಿಯಲ್ಲಿ ಕಾದು ಬಂದವರು. ಮಕ್ಕಳು ಮೊದಲ ಸಲ ಬಿಸಿಲಿಗೆ ಹೆದರದೆ ಹಗಲಿನಲ್ಲಿ ಹೊರಗೆ ಆಡುತ್ತಿದ್ದವು.

“ಯಾವ ವರ್ಷ ಬೀಳ್ತದ, ಅದನ್ನ ಹೇಳು,” ಎಂದಳು.

“ಗೊತ್ತಿಲ್ಲಕ್ಕ. ಎಲಿ ತಿಂಗಳು ಹೇಳ್ತದ, ವರ್ಷ ಹೇಳಂಗಿಲ್ಲ.”

“ಹಂಗಾರ ನೀವು ಅರ್ಧಾನೇ ಓದೀರಿ.”

“ನಿಂಗಮ್ಮ-ಲೇ,” ಎಂದಳು ಚುಸ್ಕಿತ್, “ಪೂರಾ ಓದಿ ಮುಗಿಸೋ ತನಕ ಗುಡ್ಡ ಕಾಯೋದಿಲ್ಲ.”

“ನೀವು ಎಲಿ ನೋಡಿ ಹೇಳ್ತೀರಿ, ಚುಸ್ಕಿತಕ್ಕ. ನಾ ಮಂದಿ ಮುಖ ನೋಡಿ ಹೇಳಬೇಕು. ಬರ್ರಿ ಅಂತ ಕೈ ಹಿಡದು ಕರ್ಕೊಂಡು ಬಂದು, ಈಗ ಏಳ್ರಿ ಅಂತ ಹೆಂಗನ್ಲಿ?”

ಆಗ ನಾನು ಸಭೆ ಸೇರಿಸು ಎಂದೆ. ಬಯಲಿನ ನಡುವೆ ಎಲ್ಲರೂ ಕೂತರು. ಇನ್ನೂ ಸೀಳದ ಹೂಳಿನ ಒಂದು ತುಂಡನ್ನು, ಹಳೆಯ ಕಲಸು ಪದರದ್ದು, ಚುಸ್ಕಿತ್ ಅವರ ಮುಂದೆಯೇ ಸೀಳಿದಳು. ಅರೆಬಿಚ್ಚಿದ ಭೂರ್ಜದ ಎಲೆಗಳು ಹಸಿರಾಗಿ ಹೊರಬಂದವು. ಅಯ್ಯೋ ಎಂಬ ಒಂದೇ ಉದ್ಗಾರ ಇಡೀ ಬಯಲಿನಿಂದ ಎದ್ದಿತು. ನಾನು ಹೇಳಿದೆ, ಈ ಎಲೆಗಳು ಮರದಲ್ಲಿ ಚಿಗುರುತ್ತಿದ್ದಾಗ ಗುಡ್ಡ ಬಿತ್ತು, ಇನ್ನೆರಡು ವಾರಕ್ಕೆ ನಮ್ಮ ಭೂರ್ಜಗಳೂ ಇಷ್ಟೇ ಬಿಚ್ಚುತ್ತವೆ. ಹೇಳಿ ಮುಗಿಸುವುದರೊಳಗೆ ಎಲೆಗಳು ಅವರ ಕಣ್ಣೆದುರೇ ಕಪ್ಪಾದವು. ಒಬ್ಬ ಬಾಣಂತಿ ಕೂಸನ್ನು ಎದೆಗೆ ಅವುಚಿಕೊಂಡು ಎದ್ದು ನಿಂತಳು. ಅಕ್ಕ ಒಂದು ಕಪ್ಪು ಎಲೆಯನ್ನು ಕೈಗೆತ್ತಿಕೊಂಡಳು. ಆಮೇಲೆ ಎದ್ದು, “ನಡೀರಿ, ಮ್ಯಾಲಿನ ದಿಬ್ಬಕ್ಕ,” ಎಂದಳು.

ಮೇಲಿನ ದಿಬ್ಬದಲ್ಲಿ ಗುಡಾರಗಳು, ಗಾಳಿ, ದೂರದಿಂದ ಹೊತ್ತು ತರುವ ನೀರು. ಭೂರ್ಜ ಮೊಗ್ಗು ಒಡೆಯಿತು, ಗುಡ್ಡ ಅಲುಗಲಿಲ್ಲ. ಕೆಳಗೆ ಒಳ್ಳೆಯ ಮನೆಗಳು ಬಾಗಿಲು ಮುಚ್ಚಿಕೊಂಡು ನಿಂತಿದ್ದವು, ಬಿತ್ತನೆಯ ಕಾಲ ಜಾರುತ್ತಿತ್ತು. ನನ್ನನ್ನು ಕಂಡರೆ ‘ಎಲಿ ಅಕ್ಕ ಬಂದ್ಲು’ ಎಂದು ಮಕ್ಕಳು ಕೂಗಿ ಓಡತೊಡಗಿದವು. ದೊಡ್ಡವರು ಕೂಗಲಿಲ್ಲ, ಮುಖ ತಿರುಗಿಸಿದರು. ಕೊನೆಗೆ ಒಂದು ಬೆಳಗ್ಗೆ ಅವರೇ ಸಭೆ ಸೇರಿಸಿ, ನಾವು ಇಳಿಯುತ್ತೇವೆ ಎಂದರು. ಹೆಂಗಸರು ಆಗಲೇ ಗಂಟು ಕಟ್ಟಿದ್ದರು. ನಾನು ಕೂಗಾಡಿದೆ, ಬೇಡಿಕೊಂಡೆ. ಇನ್ನೊಂದು ತುಂಡು ಸೀಳಿ ತೋರಿಸುತ್ತೇನೆ ಎಂದೆ. “ಸಾಕು ಬಿಡವ್ವ, ಒಮ್ಮಿ ನೋಡೀವಿ,” ಎಂದ ಯಾರೋ.

ಅಕ್ಕ ಜೋಳಿಗೆ ಹೆಗಲಿಗೆ ಹಾಕಿಕೊಂಡು ಬಂದು ದಾರಿಗೆ ಅಡ್ಡ ನಿಂತಳು.

“ಒಂದು ಮಾತು. ನಾ ನಿಮ್ಮನ್ನ ಕರ್ಕೊಂಡು ಬಂದಾಕಿ. ಮೊದಲು ನಾ ಹೋಗಿ ಮೂರು ದಿನ ಇರ್ತೀನಿ. ನಂಗೇನೂ ಆಗ್ಲಿಲ್ಲಂದ್ರ ನೀವು ಬರ್ರಿ. ಅಲ್ಲೀತನಕ ಒಂದು ಕೂಸೂ ಈ ದಾರಿ ಇಳೀಬಾರದು. ಆಗ್ತದೋ ಇಲ್ಲೋ?”

ಯಾರೂ ಇಲ್ಲ ಎನ್ನಲಾರದೆ ಹೋದರು. ಅಯ್ಯಾಳಪ್ಪ ಮಾತ್ರ ಕೋಲು ಊರಿಕೊಂಡು ಎದ್ದ. “ಒಬ್ಬಾಕಿನ್ನ ಹೆಂಗ ಬಿಡೋದು? ನಮ್ಮ ಬಾವಿ ಬ್ಯಾರೆ ಬಾಯಿ ತಕ್ಕೊಂಡು ಕೂತದ.”

ನಾನು ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದೆ.  ಅವಳೇ ಕೇಳಿದಳು, ತೀರ ಮೆಲ್ಲಗೆ:

“ಗಿಡದಾಗ ಎಲಿ ಎಷ್ಟು ಬಿಚ್ಚ್ಯಾವ?”

“ಹೂಳಿನಾಗ ಎಷ್ಟಿದ್ದವೋ ಅಷ್ಟು.”

“ಪೂರಾ ಬಿಚ್ಚಲಿಕ್ಕ?”

“ಮೂರು ದಿನ. ನಾಕಾದೀತು.”

ಅವಳು ತಲೆಯಾಡಿಸಿದಳು. ನನ್ನ ಸೆರಗು ಗಾಳಿಗೆ ಹಾರುತ್ತಿತ್ತು, ಅದನ್ನು ಸರಿಮಾಡಿ ಸೊಂಟಕ್ಕೆ ಸಿಕ್ಕಿಸಿದಳು, ಇಳಿದು ಹೋದಳು. ಅವಳು ನನ್ನ ಮಾತು ನಂಬಿಲ್ಲ ಎಂದು ಇಷ್ಟು ದಿನ ತಿಳಿದಿದ್ದೆ. ಒಂದೊಂದು ಅಕ್ಷರವನ್ನೂ ನಂಬಿದ್ದಳು ಎಂಬುದು ಆ ಕ್ಷಣದಲ್ಲಿ ತಿಳಿಯಿತು.  ಚುಸ್ಕಿತ್ ಬಂದು ಹಿಡಿದುಕೊಳ್ಳದಿದ್ದರೆ ಹಿಂದೆಯೇ ಓಡುತ್ತಿದ್ದೆನೋ ಏನೋ. “ನೀನು ಇಳಿದರೆ ಇವರೆಲ್ಲ ಇಳಿಯುತ್ತಾರೆ,” ಎಂದಳು ಅವಳು. ನಿಜವಿತ್ತು.

ಎರಡನೆಯ ದಿನ ಬೆಳಗ್ಗೆ ದಿಬ್ಬದಿಂದ ನೋಡಿದರೆ ಬಯಲಿನ ಒಂದು ಮನೆಯ ಸೂರಿನಿಂದ ಹೊಗೆ ಏಳುತ್ತಿತ್ತು. ನೋಡುತ್ತಿದ್ದ ಹಾಗೆ ಪಕ್ಕದ ಮನೆಯಿಂದಲೂ ಎದ್ದಿತು. ಆಮೇಲೆ ಅದರ ಪಕ್ಕದ್ದು. ಬಿಸಿಲೇರುವ ಹೊತ್ತಿಗೆ ಎಪ್ಪತ್ತು ಮನೆಗಳಿಂದಲೂ ತೆಳ್ಳನೆಯ ಹೊಗೆ ನೆಟ್ಟಗೆ ಏರುತ್ತಿತ್ತು, ಇಡೀ ಊರು ಮನೆಯಲ್ಲಿದ್ದು ರೊಟ್ಟಿ ಬಡಿಯುತ್ತಿದ್ದ ಹಾಗೆ. ಗುಡಾರಗಳಿಂದ ಜನ ಹೊರಬಂದು ಸಾಲಾಗಿ ನಿಂತು ನೋಡಿದರು. ಒಬ್ಬಳು “ಅದು ನಮ್ಮನಿ ಹೊಗಿ” ಎಂದು ಬೆರಳು ತೋರಿಸಿ ನಕ್ಕಳು. ಬಹಳ ದಿನಗಳ ಮೇಲೆ ಅವರು ನಗುವುದನ್ನು ಕೇಳಿದೆ. ಇನ್ನೊಂದು ದಿನ ತಾನೇ ಎಂದು ಗಂಟುಗಳನ್ನು ಕೆಳಗಿಟ್ಟರು.

ಅದೇ ದಿನ ಬೂದುಗುಡ್ಡ ಬಿದ್ದಾಗ ಮೊದಲು ಸದ್ದೇ ಬರಲಿಲ್ಲ. ನೆತ್ತಿಯ ಕೆಳಗೆ ಒಂದು ಗೆರೆ ಕಂಡಿತು, ಯಾರೋ ಉಗುರಿನಿಂದ ಗೀರಿದ ಹಾಗೆ. ಆಮೇಲೆ ಗುಡ್ಡದ ಮುಖ ಇಡಿಯಾಗಿ, ನಿಧಾನವಾಗಿ, ಕೆಳಗೆ ಕೂತಿತು. ಅದು ನೀರು ಮುಟ್ಟಿದ ಮೇಲೆ ಸದ್ದು ನಮ್ಮ ಎದೆಗೆ ಬಂದು ಹೊಡೆಯಿತು, ನಿಂತಿದ್ದವರು ಕೂತರು. ಕೆರೆ ಎದ್ದು ನಿಂತಿತು. ನಾನು ಇದಕ್ಕಿಂತ ಬೇರೆ ಮಾತು ಹುಡುಕಲಾರೆ. ಕಪ್ಪಗೆ, ಗೋಡೆಯ ಹಾಗೆ ಎದ್ದು ನಿಂತು, ಬಯಲಿನ ಮೇಲೆ ನಡೆದು ಹೋಯಿತು. ಹೊಗೆಯ ಗೆರೆಗಳು ಕೆಳಗಿನಿಂದ ಕತ್ತರಿಸಿಹೋಗಿ, ಬುಡವಿಲ್ಲದೆ ಸ್ವಲ್ಪ ಹೊತ್ತು ಗಾಳಿಯಲ್ಲಿ ಹಾಗೇ ನಿಂತಿದ್ದವು. ನನ್ನ ಹಿಂದೆ ಒಬ್ಬರೂ ಅಳಲಿಲ್ಲ. ಅಳುವುದಕ್ಕೂ ಉಸಿರು ಬೇಕು.

ನೀರು ಇಳಿದ ಮೇಲೆ ಹೋದೆವು. ಬಯಲು ಇರಲಿಲ್ಲ. ಕೆರೆಯ ತಳ ದಡದುದ್ದಕ್ಕೂ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಬಿಸಿಲಿಗೆ ಆ ಗುಡ್ಡೆಗಳು ಬಿರಿಯುತ್ತಿದ್ದವು. ಬಿರಿದ ಕಡೆಯೆಲ್ಲ ಒಳಗಿನಿಂದ ಹಸಿರು. ಸಾವಿರಾರು ಓಕ್ ಎಲೆಗಳು, ಅಂದಿನ ಅಡವಿಯೇ, ನಮ್ಮ ಬಾಗಿಲು, ಹಂಚು, ಕೂಸಿನ ತೊಟ್ಟಿಲುಗಳ ನಡುವೆ ಹಸಿರಾಗಿ ತೆರೆದುಕೊಂಡು, ನಾವು ದಾಟಿಹೋಗುವಷ್ಟರಲ್ಲಿ ಕಪ್ಪಾಗುತ್ತಿದ್ದವು. ಇಷ್ಟು ವರ್ಷ ಚೂರು ಚೂರಾಗಿ ಹುಡುಕಿದ್ದನ್ನು ಕೆರೆ ಒಂದೇ ಸಲಕ್ಕೆ ತಂದು ನನ್ನ ಮುಂದೆ ಸುರುವಿತ್ತು. ನಾನು ತುಳಿದುಕೊಂಡು ಓಡಿದೆ. ಅಕ್ಕನನ್ನು ಹುಡುಕುತ್ತಿದ್ದೆ.

ಸಿಕ್ಕಿದ್ದು ಅಯ್ಯಾಳಪ್ಪ, ದಿಬ್ಬದ ದಾರಿಯ ತಿರುವಿನಲ್ಲಿ, ಕಾಲು ಮುರಿದು, ಬಂಡೆಗೆ ಒರಗಿ. ನೀರಿನ ಅಂಚು ಅವನನ್ನು ಅಲ್ಲಿಗೆ ಎಸೆದು ಹೋಗಿತ್ತು. ನನ್ನನ್ನು ಕಂಡು ಮಗುವಿನ ಹಾಗೆ ಅಳತೊಡಗಿದ.

“ಮೂರು ದಿನ ತಡೀಲಿಕ್ಕ ಆಗಂಗಿಲ್ಲ ಅಯ್ಯ, ಇವತ್ತೇ ಇಳೀತಾರ ಅಂದ್ಲು. ಮನಿಯಾಗ ಹೊಗಿ ಕಂಡ್ರ ಮನಸಿಗಿ ಸಮಾಧಾನ ಆಗ್ತದ, ಇನ್ನೊಂದು ದಿನ ನಿಲ್ತಾರ ಅಂದ್ಲು. ಒಂದೊಂದು ಮನಿ ಬಾಗಿಲು ತಗದು ಒಲಿ ಹಚ್ಚಿದ್ಲವ್ವ. ನಾ ಕಟ್ಟಿಗಿ ಕೊಡ್ತಿದ್ದೆ. ಕಟ್ಟಿಗಿ ತೀರಿತು, ಮ್ಯಾಲಿಂದ ತಗೊಂಡು ಬಾ ಅಂತ ನನ್ನ ಕಳಿಸಿದ್ಲು. ತಿರುಗಿ ನೋಡಿದ್ರ ಒಳಗ ಇನ್ನೂ ಹೊರಿ ಹೊರಿ ಕಟ್ಟಿಗಿ ಇತ್ತು.”

ಅವಳು ಸಿಗಲಿಲ್ಲ. ಕೆರೆಯ ಒಳಗಿದ್ದಾಳೆ. ನಮ್ಮವರಲ್ಲಿ ಹೋದವರನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವು ಪತ್ರಿ ಹಾಕಿ ಮಣ್ಣು ಕೊಡುತ್ತೇವೆ. ಅದು ಆಗಲಿಲ್ಲ. ಎಪ್ಪತ್ತು ಕುಟುಂಬಗಳೂ ದಂಡೆಗೆ ಬಂದು ಭೂರ್ಜದ ಎಲೆಗಳನ್ನು ನೀರಿಗೆ ಹಾಕಿದೆವು. ಅಷ್ಟು ಹೊತ್ತಿಗೆ ಅವು ಪೂರ್ತಿ ಬಿಚ್ಚಿದ್ದವು.

ಈಗ ನನ್ನ ಬಿನ್ನಹ. ನೀವೂ ನಮ್ಮ ಹಾಗೆಯೇ ಕೊಳವೆ ಇಳಿಸುತ್ತೀರಿ. ಹಿಮಯುಗದ ಸತ್ತ ಜೇಡಿ ದಾಟಿದ ಮೇಲೆ ನಮ್ಮ ಕಲಸು ಪದರ ಸಿಗುತ್ತದೆ. ಅರೆಬಿಚ್ಚಿದ ಎಲೆ ನೋಡಿ ಬೇಸಿಗೆಯ ಬಾಗಿಲು ಎನ್ನುತ್ತೀರಿ, ಸರಿ. ಜೋಳದ ಕಾಳು ನೋಡಿ, ಇವರು ಬಿಸಿಲಿನ ನಾಡಿನಿಂದ ಬಂದವರು ಎನ್ನುತ್ತೀರಿ, ಅದೂ ಸರಿ. ಎರಡು ನಡುಬೇಸಿಗೆಗಳ ಎಲೆ ಒಂದೇ ಮುದ್ದೆಯಲ್ಲಿ ಕಂಡು ತಬ್ಬಿಬ್ಬಾಗಬೇಡಿ. ಅಲೆ ನಮ್ಮನ್ನೂ ಅವನ್ನೂ ಕೂಡಿಸಿ ಕಲಸಿತು. ಬಯಲಿದ್ದ ಕಡೆ ಅಗೆದರೆ ಎಪ್ಪತ್ತು ಒಲೆಗಳು ಸಿಕ್ಕಾವು, ಒಂದೊಂದರಲ್ಲೂ ಅರ್ಧ ಉರಿದ ಕಟ್ಟಿಗೆ, ಹೊಸ ಬೂದಿ. ನೀವು ಒಳ್ಳೆಯ ಹೂಳೋದುವವರಾಗಿದ್ದರೆ ಆಗ ಬರೆಯುತ್ತೀರಿ: ಮನೆಮನೆಯಲ್ಲೂ ಒಲೆ ಉರಿಯುತ್ತಿದ್ದಾಗ ಗುಡ್ಡ ಬಿತ್ತು, ಈ ಜನಕ್ಕೆ ಮುಂದಿನದರ ಸುಳಿವೇ ಇರಲಿಲ್ಲ, ಒಂದು ಊರಿಗೆ ಊರೇ ಕೂತಲ್ಲೇ ಹೋಯಿತು. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಯುತ್ತಿದ್ದೆ.

ದಯವಿಟ್ಟು ಹಾಗೆ ಬರೆಯಬೇಡಿ. ನಮಗೆ ಗೊತ್ತಿತ್ತು. ಎಲೆಗಳು ಹೇಳಿದ್ದವು. ಊರಿನವರೆಲ್ಲ ಬದುಕಿದ್ದಾರೆ, ಇದನ್ನು ಬರೆಯುತ್ತಿರುವಾಗ ಗುಡಾರಗಳ ಹೊರಗೆ ಅವರ ಮಕ್ಕಳು ಗದ್ದಲ ಮಾಡುತ್ತಿವೆ. ಆ ಮನೆಗಳಲ್ಲಿ ಯಾರೂ ಇರಲಿಲ್ಲ. ಎಪ್ಪತ್ತು ಒಲೆಯ ಬೂದಿಯೂ ಒಬ್ಬಳ ಕೈಯದು. ಅವಳ ಹೆಸರು ನಿಂಗಮ್ಮ.